ಗುಡ್ಡದ ಸೌದೆ, ಬೇರಿನ ಲೆಕ್ಕ

ಮೇ ತಿಂಗಳ ಕೊನೆಯ ವಾರ ಉಡುಪಿಯಿಂದ ಕಾರ್ಕಳದ ಕಡೆಗೆ ಬಸ್ಸಿನಲ್ಲಿ ಹೋದವರು ಒಂದು ದೃಶ್ಯವನ್ನು ಗಮನಿಸಿಯೇ ಇರುತ್ತೀರಿ. ಮನೆಗಳ ಹಿಂದೆ, ತಗಡಿನ ಮಾಡಿನ ಕೆಳಗೆ, ಸೌದೆ ಆಳೆತ್ತರಕ್ಕೆ ಪೇರಿಸಿರುತ್ತದೆ. ಮಳೆ ಹಿಡಿಯುವ ಮೊದಲು ನಾಲ್ಕು ತಿಂಗಳಿಗಾಗುವಷ್ಟು ಸೌದೆ ಒಳಗೆ ಸೇರಬೇಕು. ಅಡುಗೆಮನೆಗೆ ಗ್ಯಾಸ್ ಬಂದು ಬಹಳ ಕಾಲವಾಯಿತು. ಆದರೂ ಬಚ್ಚಲಿನ ಹಂಡೆ ಬಿಸಿಯಾಗುವುದು, ಹಲವು ಮನೆಗಳಲ್ಲಿ ಕುಚ್ಚಲಕ್ಕಿ ಬೇಯುವುದು, ಮದುವೆ ಊಟದ ದೊಡ್ಡ ಪಾತ್ರೆಗಳು ಕುದಿಯುವುದು ಇಂದಿಗೂ ಕಟ್ಟಿಗೆಯ ಬೆಂಕಿಯಲ್ಲೇ.

ಈ ಸೌದೆಯ ಒಂದು ದೊಡ್ಡ ಪಾಲು ಅಕೇಶಿಯ. 1980ರ ದಶಕದಿಂದೀಚೆಗೆ, ಸಾಮಾಜಿಕ ಅರಣ್ಯ ಯೋಜನೆಗಳ ಕಾಲದಲ್ಲಿ, ಕರಾವಳಿಯ ಬೋಳು ಗುಡ್ಡಗಳ ಮೇಲೆ ಇದನ್ನು ವ್ಯಾಪಕವಾಗಿ ನೆಡಲಾಯಿತು. ಆಸ್ಟ್ರೇಲಿಯ, ನ್ಯೂಗಿನಿ ಕಡೆಯ ಮರ. ಬಡ ನೆಲದಲ್ಲೂ ಬೆಳೆಯುತ್ತದೆ, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳ ನೆರವಿನಿಂದ ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಚೆನ್ನಾಗಿ ಉರಿಯುತ್ತದೆ. ಪರಿಸರದ ದೃಷ್ಟಿಯಿಂದ ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಹಳೆಯದು. ಈ ಲೇಖನದಲ್ಲಿ ಆ ಚರ್ಚೆಯನ್ನು ಬದಿಗಿಡೋಣ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಕಡಿದಾದ ಇಳಿಜಾರಿನಲ್ಲಿ ಬೆಳೆದ ಇಂಥ ನೆಡುತೋಪನ್ನು ಸೌದೆಗಾಗಿ ಕಡಿದ ಮೇಲೆ ಆ ಗುಡ್ಡಕ್ಕೆ ಏನಾಗುತ್ತದೆ, ಮತ್ತು ಯಾವಾಗ ಆಗುತ್ತದೆ?

ಮೂರು ಬಗೆಯ ನೆಲ

ಉಡುಪಿ ಜಿಲ್ಲೆಯನ್ನು ಪಡುವಣದಿಂದ ಮೂಡಣಕ್ಕೆ ದಾಟಿದರೆ ಮೂರು ಬಗೆಯ ನೆಲ ಸಿಗುತ್ತದೆ. ಕಾಪುವಿನ ಕಡಲ ಕರೆಯಲ್ಲಿ ಮರಳು. ಅಲ್ಲಿನ ಸೌದೆ ಮರ ಗಾಳಿಮರ, ಅಂದರೆ ಕ್ಯಾಸುರಿನ. ದೂರದಿಂದ ಹಿಮಾಲಯದ ಪೈನ್ ಮರದಂತೆ ಕಂಡರೂ ಪೈನ್ ಅಲ್ಲ. ಅದರ ಸೂಜಿ ನಿಜವಾಗಿ ಎಲೆಯಲ್ಲ, ಹಸಿರು ಕಿರುರೆಂಬೆ. (ಅಕೇಶಿಯದ ಎಲೆಯೂ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ನಮ್ಮ ಎರಡು ಮುಖ್ಯ ಸೌದೆ ಮರಗಳೂ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಮೋಸಗೊಳಿಸುತ್ತವೆ!) ಕಾಪುವಿನ ಮರಳು ಸಮತಟ್ಟು, ಅಲ್ಲಿ ಗಾಳಿಮರ ಕಡಿದರೆ ಮರಳು ಹಾರೀತು, ಕಡಲ ಗಾಳಿ ಒಳನುಗ್ಗೀತು, ಆದರೆ ನೆಲ ಜಾರುವ ಪ್ರಶ್ನೆಯಿಲ್ಲ.

ಎರಡನೆಯದು ಮಣಿಪಾಲದಂಥ ಮುರಕಲ್ಲಿನ ಗುಡ್ಡ. ಅದರ ನೆತ್ತಿ ಚಪ್ಪಟೆ, ಮಣ್ಣು ಬಹಳ ತೆಳು. ಗುಡ್ಡದ ಅಂಚು ಮಾತ್ರ ಕಡಿದು. ಮುರಕಲ್ಲಿನ ಗಟ್ಟಿ ಪದರದ ಅಡಿಯಲ್ಲಿ ಹಲವೆಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣಿರುತ್ತದೆ. ಬಾವಿ ತೋಡುವವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಇದು ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ನಮ್ಮ ಸಿವಿಲ್ ಎಂಜಿನಿಯರುಗಳಿಗೆ ಇದು ಚಿರಪರಿಚಿತ ತಲೆನೋವು.

ಮೂರನೆಯದು ಕಾರ್ಕಳದಿಂದ ಮೂಡಕ್ಕೆ, ಮಾಳ, ಹೆಬ್ರಿಗಳ ಕಡೆಗೆ, ಘಟ್ಟದ ತಪ್ಪಲು. ಇಲ್ಲಿ ಬಂಡೆಯ ಮೇಲೆ ಒಂದೆರಡು ಮೀಟರ್ ಮಣ್ಣು, 30 ಡಿಗ್ರಿ ಮೀರುವ ಇಳಿಜಾರು, ವಿಪರೀತ ಮಳೆ. ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ; ಘಟ್ಟದ ಬುಡದಲ್ಲಿ ಇನ್ನೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಲೆಕ್ಕ ಮುಖ್ಯವಾಗಿ ಈ ಮೂರನೆಯ ನೆಲದ್ದು.

ಹೊರೆಯಲ್ಲಿ ಎಷ್ಟು ನೀರು?

ಮೊದಲು ಸೌದೆಯನ್ನೇ ನೋಡೋಣ. ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರು. ಲೆಕ್ಕಕ್ಕೆ ಶೇಕಡಾ 45 ಎಂದಿಟ್ಟುಕೊಳ್ಳಿ. ನೂರು ಕಿಲೋಗ್ರಾಂ ಹಸಿ ಸೌದೆಯಲ್ಲಿ 55 ಕಿಲೋಗ್ರಾಂ ಮರ, 45 ಕಿಲೋಗ್ರಾಂ ನೀರು. ಇದನ್ನು ನೀರು ಶೇಕಡಾ 20ಕ್ಕೆ ಇಳಿಯುವವರೆಗೆ ಒಣಗಿಸಿದರೆ ಉಳಿಯುವ ತೂಕ 55ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 69 ಕಿಲೋಗ್ರಾಂ. ನೂರು ಹೊರೆ ಹೊತ್ತು ಇಳಿಸಬೇಕಾದಲ್ಲಿ 69 ಹೊರೆ ಸಾಕು. ಮಳೆ ಮುಗಿದ ಮೇಲೆ ಕಡಿದು, ಅಲ್ಲೇ ಗುಡ್ಡದ ಮೇಲೆ ಸೀಳಿ ಒಟ್ಟಿಟ್ಟು, ಮಾರ್ಚ್ ಹೊತ್ತಿಗೆ ಕೆಳಗಿಳಿಸುವ ಹಳೆಯ ಪದ್ಧತಿಯಲ್ಲಿ ಮೂರರಲ್ಲೊಂದು ಪಾಲು ಭಾರವನ್ನು ಬಿಸಿಲೇ ಇಳಿಸಿಕೊಡುತ್ತದೆ.

ಶಿಕ್ಷಕರಿಗೆ ಒಂದು ಎಚ್ಚರಿಕೆ. ಮರದ ತೇವಾಂಶವನ್ನು ಎರಡು ರೀತಿ ಹೇಳುವುದುಂಟು. ನಾವು ಮೇಲೆ ಹೇಳಿದ್ದು ಒಟ್ಟು ತೂಕದ ಶೇಕಡಾವಾರು. ಮರಗೆಲಸದ ತಂತ್ರಜ್ಞರು ಒಣ ಮರದ ತೂಕಕ್ಕೆ ಹೋಲಿಸಿ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಇದೇ ಸೌದೆಯ ತೇವಾಂಶ 45ನ್ನು 55ರಿಂದ ಭಾಗಿಸಿದಷ್ಟು, ಅಂದರೆ ಶೇಕಡಾ 82. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಸೀಳುವುದು ಏಕೆ? ನೀರು ಮರದ ಒಳಗಿನಿಂದ ಹೊರಕ್ಕೆ ವಿಸರಣೆಯಿಂದ ಬರಬೇಕು. ವಿಸರಣೆಗೆ ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ಕಾಲ ಸುಮಾರು ನಾಲ್ಕರಲ್ಲೊಂದು. ತೊಗಟೆ ಸಹಿತ ಬಿಟ್ಟ ಗುಂಡು ಕೊರಡು ಒಂದು ಬೇಸಗೆ ಕಳೆದರೂ ಒಳಗೆ ಹಸಿಯಾಗಿರುವುದು ಇದರಿಂದಲೇ. ಒಣಗಿದ ಸೌದೆಯೂ ಆಷಾಢದ ಗಾಳಿಯಲ್ಲಿ ಮತ್ತೆ ತೇವ ಹೀರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನದ ಸೌದೆಯನ್ನು ಸದಾ ಇಟ್ಟಿರುತ್ತಿದ್ದ ನಮ್ಮ ಅಜ್ಜಿಗೆ ಸಾಪೇಕ್ಷ ಆರ್ದ್ರತೆಯ ಹೆಸರು ಗೊತ್ತಿರಲಿಲ್ಲ, ಆರ್ದ್ರತೆ ಗೊತ್ತಿತ್ತು.

ಉರಿಯುವಾಗಿನ ಲೆಕ್ಕವೂ ಕುತೂಹಲಕರ. ಪೂರ್ತಿ ಒಣಗಿದ ಒಂದು ಕಿಲೋಗ್ರಾಂ ಮರದಿಂದ ಬಳಕೆಗೆ ಒದಗುವ ಉಷ್ಣ ಸುಮಾರು 18 ಮೆಗಾಜೂಲ್. ಒಂದು ಕಿಲೋಗ್ರಾಂ ನೀರನ್ನು ಕೋಣೆಯ ತಾಪದಿಂದ ಕಾಯಿಸಿ ಆವಿ ಮಾಡಲು ಸುಮಾರು 2.5 ಮೆಗಾಜೂಲ್ ಬೇಕು. ಹಾಗಾಗಿ ಹಸಿ ಸೌದೆಯ ಪ್ರತಿ ಕಿಲೋಗ್ರಾಮಿನಿಂದ ಸಿಗುವುದು 9.9ರಲ್ಲಿ 1.1 ಕಳೆದು 8.8 ಮೆಗಾಜೂಲ್. ಒಣಗಿದ್ದರಿಂದ 13.9. ಇಲ್ಲಿ ಸ್ವಲ್ಪ ನಿಲ್ಲಿ. ಹಸಿ ಸೌದೆಯಲ್ಲಿ ಗುಪ್ತೋಷ್ಣಕ್ಕೆ ಹೋಗುವುದು ಒಟ್ಟು ಉಷ್ಣದ ಒಂಬತ್ತರಲ್ಲೊಂದು ಪಾಲು ಮಾತ್ರ! ಹಾಗಾದರೆ ಹಸಿ ಸೌದೆ ಅಷ್ಟು ಕೆಟ್ಟದಾಗಿ ಏಕೆ ಉರಿಯುತ್ತದೆ? ಬಹಳ ವರ್ಷ ನಾನೇ ತರಗತಿಯಲ್ಲಿ ಗುಪ್ತೋಷ್ಣದ ಮೇಲೆ ಎಲ್ಲ ಅಪವಾದವನ್ನೂ ಹೊರಿಸಿ ಪಾಠ ಮುಗಿಸುತ್ತಿದ್ದೆ. ನಿಜವಾದ ನಷ್ಟ ಬೇರೆಡೆ ಇದೆ. ನೀರಾವಿಯಿಂದ ಜ್ವಾಲೆಯ ತಾಪ ಇಳಿಯುತ್ತದೆ; ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತವೆ. ಕಣ್ಣು ಉರಿಸುವ ಆ ಹೊಗೆ ಉರಿಯದೆ ಹೋದ ಸೌದೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಗುಟ್ಟೂ ಇಲ್ಲೇ ಇತ್ತು: ಗಾಳಿಯನ್ನು ಹದವಾಗಿ ಬಿಟ್ಟು ಅನಿಲಗಳನ್ನು ಒಳಗೇ ಉರಿಸುವುದು, ಬಿಸಿಯನ್ನು ಪಾತ್ರೆಗಳ ತಳಕ್ಕೆ ಮುಟ್ಟಿಸುವುದು. ಗುಡ್ಡದ ಮೇಲೆ ಒಂದು ಮರ ಉಳಿಯುವುದಕ್ಕೂ ಒಲೆಯ ವಿನ್ಯಾಸಕ್ಕೂ ಹೀಗೆ ನೇರ ಸಂಬಂಧವಿದೆ.

ಇಳಿಯುವುದು ಸುಲಭವೇ?

ನೂರು ಮೀಟರ್ ಎತ್ತರದಿಂದ 25 ಕಿಲೋಗ್ರಾಮಿನ ಹೊರೆ ಇಳಿಸಿದರೆ ಗುರುತ್ವ ಮಾಡುವ ಕೆಲಸ 24.5 ಕಿಲೋಜೂಲ್. ಅದೇ ಹೊರೆಯನ್ನು, ಒಣಗಿದ ಮೇಲೆ, ಸುಟ್ಟರೆ ಸಿಗುವುದು ಸುಮಾರು 3,50,000 ಕಿಲೋಜೂಲ್. ಶಕ್ತಿಯ ಲೆಕ್ಕದಲ್ಲಿ ಇಳಿಸುವುದು ಲೆಕ್ಕಕ್ಕೇ ಇಲ್ಲ. ಆದರೆ ತಲೆಯ ಮೇಲೆ ಸಿಂಬೆಯಿಟ್ಟು ಹೊರೆ ಹೊತ್ತು ಇಳಿದವರ ಮೊಣಕಾಲನ್ನು ಕೇಳಿ ನೋಡಿ. ಇಳಿಯುವಾಗ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕು. ಭೌತವಿಜ್ಞಾನದ ಭಾಷೆಯಲ್ಲಿ ಅವು ಋಣಾತ್ಮಕ ಕೆಲಸ ಮಾಡುತ್ತವೆ, ಅದಕ್ಕೂ ದೇಹ ಶಕ್ತಿ ವ್ಯಯಿಸುತ್ತದೆ. ಹತ್ತಕ್ಕೆ ಒಂದರಷ್ಟು ಇಳಿಜಾರಿನವರೆಗೆ ನಡೆಯುವ ಶ್ರಮ ಸಮತಟ್ಟಿಗಿಂತ ಕಡಿಮೆ. ಅದಕ್ಕಿಂತ ತೀರ ಕಡಿದಾದರೆ ಮತ್ತೆ ಏರತೊಡಗುತ್ತದೆ. ಗುಡ್ಡದ ಕಾಲುದಾರಿಗಳು ನೇರ ಇಳಿಯದೆ ಅಡ್ಡಡ್ಡ ಸುತ್ತಿ ಬರುವುದು ಸೋಮಾರಿತನದಿಂದಲ್ಲ.

ಹೊರುವ ಬದಲು ಕೊರಡನ್ನು ಜಾರಿಬಿಟ್ಟರೆ? ಇಳಿಜಾರಿನ ಕೋನದ ಟ್ಯಾನ್ಜೆಂಟ್ ಘರ್ಷಣಾ ಗುಣಾಂಕವನ್ನು ಮೀರಿದರೆ ಕೊರಡು ತಾನಾಗಿ ಜಾರುತ್ತದೆ. ಒಣ ನೆಲದಲ್ಲಿ ಗುಣಾಂಕ 0.5 ಎಂದುಕೊಂಡರೆ 27 ಡಿಗ್ರಿಗೇ ಜಾರಬೇಕು. 35 ಡಿಗ್ರಿ ಇಳಿಜಾರಿನಲ್ಲಿ 50 ಮೀಟರ್ ಜಾರಿದ ಕೊರಡಿನ ವೇಗ ಸೆಕೆಂಡಿಗೆ ಸುಮಾರು 13 ಮೀಟರ್, ಗಂಟೆಗೆ 46 ಕಿಲೋಮೀಟರ್. ನೆಲ ಒದ್ದೆಯಾಗಿ ಗುಣಾಂಕ 0.3ಕ್ಕೆ ಇಳಿದರೆ ಅದೇ ಕೊರಡು 64 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಕೆಳಗೆ ಸೌದೆ ಹೆಕ್ಕುವವರು ಇರುವಾಗ ಇದು ಆಟವಲ್ಲ. ಅಲ್ಲದೆ ಕೊರಡು ಜಾರಿದಲ್ಲೆಲ್ಲ ನೆಲದಲ್ಲಿ ಗೀರು ಬೀಳುತ್ತದೆ. ಇಳಿಜಾರಿನ ನೇರಕ್ಕೆ ಬಿದ್ದ ಆ ಗೀರು ಜೂನ್ ತಿಂಗಳಲ್ಲಿ ತೋಡಾಗುತ್ತದೆ.

ಮಣ್ಣನ್ನು ಹಿಡಿದಿರುವುದು ಯಾವುದು?

ಈಗ ಮುಖ್ಯ ವಿಷಯ. ‘ಮರದ ಭಾರಕ್ಕೇ ಗುಡ್ಡ ಜರಿಯುತ್ತದೆ, ಕಡಿದರೆ ಗುಡ್ಡ ಹಗುರವಾಗುತ್ತದೆ’ ಎನ್ನುವವರು ಇದ್ದಾರೆ. ಪರೀಕ್ಷಿಸೋಣ. ಹೆಕ್ಟೇರಿಗೆ 150 ಟನ್ ತೂಗುವ ತೋಪು ಎಂದರೆ ದಟ್ಟವಾದ ತೋಪೇ. ಚದರ ಮೀಟರಿಗೆ ಅದು 15 ಕಿಲೋಗ್ರಾಂ. ಅದರ ಕೆಳಗಿನ ಒಂದೂವರೆ ಮೀಟರ್ ಆಳದ ಮಣ್ಣಿನ ತೂಕ ಚದರ ಮೀಟರಿಗೆ ಸುಮಾರು 2,700 ಕಿಲೋಗ್ರಾಂ. ಮರದ ಭಾರ ಮಣ್ಣಿನ ಭಾರದ ಮುಂದೆ ನಗಣ್ಯ.

ಇನ್ನು ಬಲಗಳನ್ನು ನೋಡೋಣ. ಇಳಿಜಾರು 35 ಡಿಗ್ರಿ, ಬಂಡೆಯವರೆಗೆ ಮಣ್ಣಿನ ಆಳ 1.5 ಮೀಟರ್, ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್ ಇರಲಿ. ಮಣ್ಣನ್ನು ಕೆಳಗೆಳೆಯುವ ಬಲ ಇಳಿಜಾರಿನ ಪ್ರತಿ ಚದರ ಮೀಟರಿಗೆ 12.7 ಕಿಲೋನ್ಯೂಟನ್ ಆಗುತ್ತದೆ. (ತೂಕವನ್ನು ಸೈನ್, ಕೊಸೈನ್‌ಗಳಿಂದ ಗುಣಿಸಿ ನೀವೇ ತೆಗೆಯಬಹುದು.) ಇದನ್ನು ತಡೆಯುವವು ಮೂರು. ಮಣ್ಣಿನ ಕಣಗಳ ನಡುವಿನ ಘರ್ಷಣೆ, ಕಣಗಳು ಪರಸ್ಪರ ಅಂಟಿಕೊಂಡಿರುವ ಸಂಸಂಜನ ಬಲ, ಬೇರುಗಳ ಹಿಡಿತ. ಮಾದರಿಗಾಗಿ ಘರ್ಷಣಾ ಕೋನ 32 ಡಿಗ್ರಿ, ಸಂಸಂಜನ 3, ಬೇರಿನ ಹಿಡಿತ 6 ಕಿಲೋನ್ಯೂಟನ್ ಎಂದು ಆರಿಸಿಕೊಳ್ಳೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಬೆಲೆಗಳು. ಗುಡ್ಡದಿಂದ ಗುಡ್ಡಕ್ಕೆ ಬದಲಾಗುತ್ತವೆ.

ಬೇಸಗೆಯಲ್ಲಿ ಘರ್ಷಣೆ 11.3. ಬೇರುಗಳಿದ್ದರೆ ಒಟ್ಟು ತಡೆ 20.3, ಬೇರಿಲ್ಲದಿದ್ದರೆ 14.3. ಎರಡೂ 12.7ಕ್ಕಿಂತ ಹೆಚ್ಚು. ಕಡಿದ ಗುಡ್ಡವೂ ನಿಲ್ಲುತ್ತದೆ, ಕಡಿಯದ ಗುಡ್ಡವೂ ನಿಲ್ಲುತ್ತದೆ.

ಮಳೆ ಬಂತು. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದಾಗ ಅದು ಕಣಗಳನ್ನು ಮೇಲಕ್ಕೆ ಒತ್ತುತ್ತದೆ, ಆರ್ಕಿಮಿಡೀಸನ ತತ್ತ್ವದಂತೆ. ಕಣಗಳು ಒಂದನ್ನೊಂದು ಒತ್ತುವ ಬಲ ಇಳಿಯುತ್ತದೆ, ಅದರೊಂದಿಗೆ ಘರ್ಷಣೆಯೂ ಇಳಿಯುತ್ತದೆ. ಕೆಳಗೆಳೆಯುವ ಬಲ ಮಾತ್ರ ಕಡಿಮೆಯಾಗುವುದಿಲ್ಲ. ಮಣ್ಣಿನ ಅರ್ಧ ಆಳದವರೆಗೆ ನೀರು ನಿಂತರೆ ಘರ್ಷಣೆ 8.2ಕ್ಕೆ ಬರುತ್ತದೆ. ಬೇರುಗಳಿದ್ದರೆ ಒಟ್ಟು ತಡೆ 17.2; ಗುಡ್ಡ ಕ್ಷೇಮ. ಬೇರಿಲ್ಲದಿದ್ದರೆ 11.2. ಎಳೆಯುವ 12.7ಕ್ಕೆ ಅದು ಸಾಲದು, ಗುಡ್ಡ ಜರಿಯುತ್ತದೆ. ನೀರು ನೆಲದ ಮೇಲ್ಮೈವರೆಗೂ ತುಂಬಿದರೆ ಬೇರಿದ್ದ ಗುಡ್ಡದ ತಡೆ 14.2, ಹೇಗೋ ನಿಂತೀತು. ಬೇರಿಲ್ಲದ ಗುಡ್ಡದ್ದು ಬರೀ 8.2.

ಅರ್ಧ ಆಳಕ್ಕೆ, ಅಂದರೆ 75 ಸೆಂಟಿಮೀಟರಿಗೆ ನೀರು ತುಂಬಲು ಎಷ್ಟು ಮಳೆ ಬೇಕು? ಈಗಾಗಲೇ ತೊಯ್ದ ಮಣ್ಣಿನಲ್ಲಿ ಐದರಲ್ಲೊಂದು ಭಾಗ ಜಾಗ ಖಾಲಿಯಿದೆ, ಬಿದ್ದ ನೀರೆಲ್ಲ ಇಂಗಿತು ಎಂದುಕೊಂಡರೆ 150 ಮಿಲಿಮೀಟರ್. ನಮ್ಮ ತಪ್ಪಲಿನಲ್ಲಿ ಜುಲೈ ತಿಂಗಳ ಒಂದು ಜೋರು ದಿನದ ಮಳೆ ಅಷ್ಟೇ.

ಅಪಾಯ ತಡವಾಗಿ ಬರುತ್ತದೆ

ಇಲ್ಲಿ ಎಲ್ಲರೂ ಎಡವುವ ಒಂದು ಅಂಶವಿದೆ. ಮರ ಕಡಿದ ವರ್ಷವೇ ಗುಡ್ಡ ಜರಿಯುವುದು ಅಪರೂಪ. ಕಾಂಡ ಹೋದರೂ ಬೇರು ನೆಲದಲ್ಲೇ ಇದೆ; ಹಗ್ಗದಂತೆ ಮಣ್ಣನ್ನು ಕಟ್ಟಿಹಿಡಿದಿದೆ. ಮೊದಲ ಮಳೆಗಾಲ ಕಳೆಯುತ್ತದೆ. ‘ಕಡಿದರೂ ಏನೂ ಆಗಲಿಲ್ಲವಲ್ಲ’ ಎಂಬ ಧೈರ್ಯ ಬರುತ್ತದೆ. ಅಷ್ಟರಲ್ಲಿ ನೆಲದೊಳಗೆ ಗೆದ್ದಲು, ಶಿಲೀಂಧ್ರಗಳು ಬೇರನ್ನು ತಿನ್ನುತ್ತಿರುತ್ತವೆ. ಮಣ್ಣನ್ನು ಹೆಣೆಯುವ ಸಣ್ಣ ಬೇರುಗಳೇ ಮೊದಲು ಹೋಗುತ್ತವೆ. ಹೊಸ ಸಸಿ ನೆಟ್ಟಿದ್ದರೂ ಅದರ ಬೇರು ಬಂಡೆಯವರೆಗೆ ಇಳಿಯಲು ವರ್ಷಗಳು ಬೇಕು. ಹಳೆಯ ಬೇರಿನ ಬಲ ಇಳಿಯುವ ರೇಖೆ, ಹೊಸ ಬೇರಿನ ಬಲ ಏರುವ ರೇಖೆ, ಇವೆರಡನ್ನೂ ಒಂದೇ ನಕ್ಷೆಯಲ್ಲಿ ಬರೆದು ಕೂಡಿಸಿ ನೋಡಿ. ನಡುವೆ ಒಂದು ತಗ್ಗು ಕಾಣುತ್ತದೆ. ಗುಡ್ಡಕ್ಕೆ ಕಷ್ಟಕಾಲ ಅದು.

ಇದನ್ನು ಚೆನ್ನಾಗಿ ಅಭ್ಯಸಿಸಿದವರು ನ್ಯೂಜಿಲೆಂಡಿನವರು. ಆ ದೇಶದ ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ 1988ರ ಬೋಲಾ ಚಂಡಮಾರುತಕ್ಕೆ ಗುಡ್ಡಗಳು ಸಾಲುಸಾಲಾಗಿ ಕುಸಿದವು. ಮಣ್ಣು ಹಿಡಿಯಲೆಂದು ಕಡಿದಾದ ಇಳಿಜಾರುಗಳಲ್ಲಿ ರೇಡಿಯೇಟ ಪೈನ್ ಮರಗಳನ್ನು ವಿಸ್ತಾರವಾಗಿ ನೆಟ್ಟರು. ಮರಗಳು ಬೆಳೆದು ಗುಡ್ಡ ನಿಂತಿತು. ಸುಮಾರು 30 ವರ್ಷಕ್ಕೆ ಮರ ಕಟಾವಿಗೆ ಬಂತು. ಕಡಿದ ಪೈನ್ ಮರದ ಬೇರು ಒಂದೂವರೆ ವರ್ಷದೊಳಗೆ ತನ್ನ ಕರ್ಷಕ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ ಎಂದು ಅಲ್ಲಿನ ವಿಜ್ಞಾನಿಗಳು 1970ರ ದಶಕದಲ್ಲೇ ಅಳೆದಿದ್ದರು. 2018ರ ಜೂನ್‌ನಲ್ಲಿ ಟೊಲಗಾ ಕೊಲ್ಲಿಯ ಬಳಿ, ಮತ್ತೆ 2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತದಲ್ಲಿ, ಕಡಿದ ಗುಡ್ಡಗಳಿಂದ ಮಣ್ಣಿನ ಜತೆ ಬಿಟ್ಟುಹೋದ ಕೊರಡು, ರೆಂಬೆಗಳೂ ಹೊಳೆಗಿಳಿದು ಸೇತುವೆಗಳಿಗೆ ಬಡಿದವು. ಕಡಲ ದಂಡೆಯಲ್ಲಿ ಮರದ ರಾಶಿ ಬಿತ್ತು. ಮಣ್ಣು ಹಿಡಿಯಲೆಂದು ನೆಟ್ಟ ಮರ!

ನಮ್ಮಲ್ಲೂ ಗುಡ್ಡ ಕುಸಿತ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರು ಅಲ್ಲ) ಆದದ್ದನ್ನು ಎಲ್ಲರೂ ನೋಡಿದ್ದೇವೆ. ಆದರೆ ಪ್ರತಿ ಕುಸಿತವನ್ನೂ ಮರ ಕಡಿದದ್ದಕ್ಕೇ ಕಟ್ಟುವುದು ವಿಜ್ಞಾನವಲ್ಲ. ಶಿರೂರಿನದು ಹೆದ್ದಾರಿಗಾಗಿ ಗುಡ್ಡದ ಬುಡವನ್ನು ಕತ್ತರಿಸಿದ್ದ ಜಾಗ. ಬುಡ ಕತ್ತರಿಸಿದರೆ ಮೇಲಿನ ಮಣ್ಣಿಗೆ ಊರುವ ಆಸರೆಯೇ ಇಲ್ಲ. ಕುಸಿಯುವ ಪದರ ಐದಾರು ಮೀಟರ್ ಆಳದಲ್ಲಿದ್ದರೆ ಅಲ್ಲಿಗೆ ಹೆಚ್ಚಿನ ಬೇರುಗಳು ತಲಪುವುದೂ ಇಲ್ಲ. ಬೇರಿನ ಲೆಕ್ಕ ಸಲ್ಲುವುದು ಒಂದೆರಡು ಮೀಟರ್ ಆಳದ ಕುಸಿತಗಳಿಗೆ. ತಪ್ಪಲಿನ ಮನೆಯ ಹಿಂಬದಿಗೆ ರಾತ್ರೋರಾತ್ರಿ ಬಂದು ಬೀಳುವುದು ಹೆಚ್ಚಾಗಿ ಇವೇ.

ಬೇರನ್ನು ಬದುಕಿಸಿಕೊಂಡು ಸೌದೆ

ಹಾಗಾದರೆ ಇಳಿಜಾರಿನಿಂದ ಸೌದೆ ತರಲೇಬಾರದೇ? ಹಳೆಯ ದಕ್ಷಿಣ ಕನ್ನಡದ ಕೃಷಿಕರು ತಲೆಮಾರುಗಳಿಂದ ತಂದಿದ್ದಾರೆ. ವರ್ಗ ಜಮೀನಿನ ಪಕ್ಕದ ನೂರು ಗಜದೊಳಗಿನ ಸರಕಾರಿ ನೆಲದ ಮೇಲೆ ಅವರಿಗಿದ್ದ ಕುಮ್ಕಿ ಸವಲತ್ತು ಸೊಪ್ಪು, ಸೌದೆಗಾಗಿಯೇ ಇತ್ತು. ಹಟ್ಟಿಗೆ ಹಾಸಲು ಸೊಪ್ಪು ಕಡಿಯುವವರು ರೆಂಬೆ ಸವರುತ್ತಿದ್ದರು, ಬುಡಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ಅವರ ಉದ್ದೇಶ ಮುಂದಿನ ವರ್ಷದ ಸೊಪ್ಪು. ಆದರೆ ಗುಡ್ಡಕ್ಕೆ ಸಿಕ್ಕಿದ್ದು ಜೀವಂತ ಬೇರು. ಮತ್ತಿಯಂಥ ಊರ ಮರಗಳನ್ನು ಬುಡದಲ್ಲಿ ಕಡಿದರೂ ಬೊಡ್ಡೆ ಚಿಗುರುತ್ತದೆ, ಹಳೆಯ ಬೇರೇ ಹೊಸ ಚಿಗುರನ್ನು ಸಾಕುತ್ತದೆ. ಗ್ಲಿರಿಸಿಡಿಯವೂ ಹಾಗೆಯೇ. ಪೈನ್ ಹಾಗಲ್ಲ. ಅಕೇಶಿಯ ನೆಲಮಟ್ಟಕ್ಕೆ ಕಡಿದರೆ ಚಿಗುರುವುದು ಕಷ್ಟ. ಸ್ವಲ್ಪ ಎತ್ತರದ ಬೊಡ್ಡೆ ಬಿಟ್ಟರೆ ಕೆಲವು ಚಿಗುರುತ್ತವೆ. ಗಾಳಿಮರವನ್ನೂ ಕಡಿದ ಮೇಲೆ ಸಾಮಾನ್ಯವಾಗಿ ಹೊಸದಾಗಿಯೇ ನೆಡಬೇಕು.

ಆದ್ದರಿಂದ ಕಡಿದಾದ ಕಡೆ ಇಡೀ ತೋಪನ್ನು ಒಂದೇ ಬೇಸಗೆಯಲ್ಲಿ ಬೋಳಿಸುವುದು ಅತ್ಯಂತ ಅಗ್ಗವಾದರೂ ಅತ್ಯಂತ ಅಪಾಯಕರ ವಿಧಾನ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಕಡಿದು, ಒಂದು ಪಟ್ಟಿಯ ಹೊಸ ಬೇರು ಊರಿದ ಮೇಲೆ ಪಕ್ಕದ್ದಕ್ಕೆ ಹೋಗಬಹುದು. ಅಕೇಶಿಯದ ನೆರಳಲ್ಲಿ ತಾವಾಗಿ ಹುಟ್ಟಿದ ಕಾಡುಗಿಡಗಳನ್ನು ‘ಪೊದೆ’ ಎಂದು ಸವರಿ ಹಾಕದೆ ಉಳಿಸಿದರೆ ನಕ್ಷೆಯ ಆ ತಗ್ಗು ಅಷ್ಟರಮಟ್ಟಿಗೆ ಆಳ ಕಡಿಮೆಯಾಗುತ್ತದೆ. ಬೊಡ್ಡೆಯನ್ನು ಜೆಸಿಬಿಯಿಂದ ಕೀಳುವುದು ಎಂದೂ ಕೂಡದು. ಕಡಿದು ಉಳಿದ ಸಣ್ಣ ರೆಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಸಿದರೆ ಹರಿಯುವ ಮಣ್ಣು ಅಲ್ಲಲ್ಲೇ ತಂಗುತ್ತದೆ. ಆದರೆ ತೋಡಿನೊಳಗೆ ತುಂಬಬಾರದು. ಟೊಲಗಾದಲ್ಲಿ ಸೇತುವೆಗೆ ಬಡಿದದ್ದು ಇಂಥದ್ದೇ. ಕಡಿದ ಗುಡ್ಡದ ಬುಡದಲ್ಲಿ ಮನೆಯಿದ್ದರೆ ಎರಡನೆಯ ಮಳೆಗಾಲದಿಂದ ನಾಲ್ಕೈದು ವರ್ಷ ಗುಡ್ಡದ ಮೇಲೆ ಕಣ್ಣಿಡಬೇಕು. ಮೇಲ್ಭಾಗದಲ್ಲಿ ಬಿಲ್ಲಿನಾಕಾರದ ಬಿರುಕು, ನೆಟ್ಟಗಿದ್ದ ಕಂಬ ವಾಲುವುದು, ಬುಡದ ಒರತೆಯಲ್ಲಿ ಹಠಾತ್ತನೆ ಕೆಸರು ನೀರು, ಇವು ಕಂಡರೆ ಮಳೆ ನಿಲ್ಲುವವರೆಗೆ ಮನೆ ಬಿಟ್ಟಿರುವುದೇ ಲೇಸು.

ಇದನ್ನು ಶಾಲೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಮೂರು ಮರದ ತಟ್ಟೆ ತೆಗೆದುಕೊಳ್ಳಿ. ತಳಕ್ಕೆ ಒತ್ತೊತ್ತಾಗಿ ರಂಧ್ರ ಕೊರೆದು, ಎರಡು ತಟ್ಟೆಗಳ ರಂಧ್ರಗಳಿಂದ ಸೆಣಬಿನ ಎಳೆಗಳನ್ನು ಮೇಲಕ್ಕೆಳೆದು ತಳದಲ್ಲಿ ಗಂಟು ಹಾಕಿ. ಮೂರರಲ್ಲೂ ಜರಡಿ ಹಿಡಿದ ಮಣ್ಣನ್ನು ಒಂದೇ ದಪ್ಪಕ್ಕೆ ತುಂಬಿ, ಒಂದೇ ಅಳತೆಯ ನೀರು ಹಾಕಿ. ಸೆಣಬಿಲ್ಲದ ತಟ್ಟೆಯನ್ನೂ ಸೆಣಬಿನ ಒಂದು ತಟ್ಟೆಯನ್ನೂ ನಿಧಾನವಾಗಿ ವಾಲಿಸಿ, ಮಣ್ಣು ಜಾರುವ ಕೋನವನ್ನು ಕೋನಮಾಪಕದಿಂದ ಅಳೆದು ಬರೆದಿಡಿ. ಮೂರನೆಯದನ್ನು ಮುಟ್ಟಬೇಡಿ. ಅದನ್ನು ಎರಡು ತಿಂಗಳು ತೇವ ಆರದಂತೆ ಮೂಲೆಯಲ್ಲಿಡಿ, ಒಂದು ಹಿಡಿ ಸೆಗಣಿ ಗೊಬ್ಬರ ಬೆರೆಸಿದರೆ ಇನ್ನೂ ಒಳ್ಳೆಯದು. ಆಮೇಲೆ ಅಷ್ಟೇ ನೀರು ಹಾಕಿ ವಾಲಿಸಿ. ಜಾರುವ ಕೋನವನ್ನು ಮೊದಲಿನ ಎರಡರ ಪಕ್ಕದಲ್ಲಿ ಬರೆದು, ಜಾರಿದ ಮಣ್ಣಿನಿಂದ ಸೆಣಬಿನ ಒಂದು ಎಳೆಯನ್ನು ಹೆಕ್ಕಿ ಎಳೆದು ನೋಡಿ.